ಐಸ್ ಬಿಟ್ಟುಹೋದ ದಾರಿ

(ಬ್ರೂಕ್‌ಫೀಲ್ಡ್, ಕುಂದಲಹಳ್ಳಿ ಕೆರೆಯ ನಡಿಗೆದಾರಿ. ಒಬ್ಬರು ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು, ಮಗಳ ಮನೆಯಲ್ಲಿದ್ದಾರೆ. ಇನ್ನೊಬ್ಬಳು ಪಿಯುಸಿಯಲ್ಲಿ ಅವರ ಶಿಷ್ಯೆಯಾಗಿದ್ದವಳು, ಈಗ ಔಷಧದ ಪ್ರೋಟೀನುಗಳನ್ನು ಶುದ್ಧಮಾಡುವ ಕೆಲಸದಲ್ಲಿದ್ದಾಳೆ.)

ಮೇಷ್ಟ್ರು: ನೀನು ಫೋನಿನಲ್ಲಿ ಹೇಳಿದ ಮಾತು ನನಗೆ ಒಪ್ಪಿಗೆಯಾಗಲಿಲ್ಲ ಕಣಮ್ಮ. ಮೈನಸ್ 12 ಡಿಗ್ರಿಯಲ್ಲಿಟ್ಟು ಪಾಲಿಮರ್ ಮಾಡ್ತಾರೆ ಅಂದೆ. ಹತ್ತು ಡಿಗ್ರಿ ತಣ್ಣಗಾದರೆ ಕ್ರಿಯೆಯ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತೆ ಅಂತ ನಾನೇ ನಿಮಗೆಲ್ಲ ಪಾಠ ಮಾಡಿದ್ದೆ. ಕೋಣೆಯ 22 ಡಿಗ್ರಿಯಿಂದ ಮೈನಸ್ 12ಕ್ಕೆ ಬಂದರೆ ವೇಗ ಹತ್ತರಲ್ಲಿ ಒಂದು ಪಾಲಾಗಬೇಕು. ಅದೂ ದ್ರಾವಣ ಗಡ್ಡೆ ಕಟ್ಟಿ ಕೂತಿರುವಾಗ! ಅಣುಗಳು ಅಲುಗಾಡಲೇ ಜಾಗ ಇಲ್ಲ. ಸರಪಳಿ ಬೆಳೆಯುವುದು ಎಲ್ಲಿಂದ?

ಶಿಷ್ಯೆ: ಲೆಕ್ಕ ಸರಿ ಸಾರ್. ಆದರೆ ಗಾಢತೆ ಬದಲಾಗಲಿಲ್ಲ ಅಂತ ಹಿಡಿದುಕೊಂಡು ಲೆಕ್ಕ ಹಾಕಿದ್ದೀರಿ. ಜಾತ್ರೆಯಲ್ಲಿ ಐಸ್ ಕ್ಯಾಂಡಿ ಚೀಪಿದ್ದು ನೆನಪಿದೆಯಾ? ಮೊದಲು ಬಣ್ಣ, ಸಿಹಿ ಎಲ್ಲ ಬಾಯಿಗೆ ಬಂದುಬಿಡ್ತಿತ್ತು. ಕೊನೆಗೆ ಕಡ್ಡಿಗೆ ಸಪ್ಪೆ ಐಸ್ ಅಂಟಿಕೊಂಡಿರ್ತಿತ್ತು. ನೀರು ಹರಳಾಗುವಾಗ ತನ್ನ ಜೊತೆಗೆ ನೀರಿನ ಅಣುಗಳನ್ನು ಮಾತ್ರ ಸೇರಿಸಿಕೊಳ್ಳುತ್ತೆ. ಸಕ್ಕರೆ, ಬಣ್ಣ ಎಲ್ಲ ಹರಳುಗಳ ಸಂದಿಗೆ ಸರಿಯುತ್ತವೆ. ಆ ಸಂದಿಯಲ್ಲಿರೋದು ಗಡ್ಡೆಯಲ್ಲ, ದಪ್ಪ ಪಾಕ.

ಮೇಷ್ಟ್ರು: ಘನೀಭವನ ಬಿಂದು ಇಳಿಯುವುದು. ಉಪ್ಪುನೀರಿನ ಪಾಠ ಅದು.

ಶಿಷ್ಯೆ: ಅದೇ. ಈಗ ಸಕ್ಕರೆಯ ಜಾಗದಲ್ಲಿ ಅಕ್ರಿಲಮೈಡ್ ಇಡಿ. ಜೊತೆಗೆ ಸರಪಳಿಗಳನ್ನು ಅಡ್ಡ ಹೊಲಿಯೋಕೆ ಬಿಸ್-ಅಕ್ರಿಲಮೈಡ್, ಕ್ರಿಯೆ ಶುರು ಮಾಡೋಕೆ ಅಮೋನಿಯಂ ಪರ್‌ಸಲ್ಫೇಟ್ ಮತ್ತು ಟೆಮೆಡ್. ನೂರು ಪಾಲಿನಲ್ಲಿ ಆರು ಪಾಲು ಮಾನೋಮರ್ ಅಂತಿಟ್ಟುಕೊಳ್ಳಿ, ಉಳಿದದ್ದು ನೀರು. ಇಡೀ ದ್ರಾವಣದ ಹತ್ತರಲ್ಲಿ ಒಂಬತ್ತು ಭಾಗ ಐಸ್ ಆಯಿತು ಅಂದರೆ ಸಂದಿಯ ದ್ರವದಲ್ಲಿ ಮಾನೋಮರ್ ಹತ್ತು ಪಟ್ಟಿನ ಹತ್ತಿರ ಗಾಢ. ಕ್ರಿಯೆ ಶುರು ಮಾಡುವ ಇನಿಷಿಯೇಟರ್ ಕೂಡ ಹಾಗೇ.

ಮೇಷ್ಟ್ರು: ತಡಿ ತಡಿ. ಫ್ರೀ ರ‍್ಯಾಡಿಕಲ್ ಪಾಲಿಮರೀಕರಣದಲ್ಲಿ ವೇಗ ಮಾನೋಮರಿನ ಗಾಢತೆಗೆ ನೇರ ಅನುಪಾತ, ಇನಿಷಿಯೇಟರ್ ಗಾಢತೆಯ ವರ್ಗಮೂಲಕ್ಕೆ ಅನುಪಾತ. ಹತ್ತನ್ನು ಹತ್ತರ ವರ್ಗಮೂಲದಿಂದ ಗುಣಿಸಿದರೆ ಮೂವತ್ತು ಚಿಲ್ಲರೆ. ಚಳಿ ಹತ್ತು ಪಟ್ಟು ನಿಧಾನ ಮಾಡಿದರೂ ಗಾಢತೆ ಮೂವತ್ತು ಪಟ್ಟು ಕೈಹಿಡಿಯುತ್ತೆ! ಸೊಗಸಾಗಿದೆ.

ಶಿಷ್ಯೆ: ಅದು ಕಾಗದದ ಮೇಲಿನ ಅಂದಾಜು. ಸಂದಿಯ ದ್ರವ ದಪ್ಪಗಿರೋದರಿಂದ ಅಣುಗಳು ಸರಾಗ ಓಡಾಡಲ್ಲ, ಹಾಗಾಗಿ ರಾತ್ರಿಯಿಡೀ ಫ್ರೀಜರಿನಲ್ಲಿ ಬಿಡ್ತೀವಿ. ಆದರೆ ನೀವು ಹಿಡಿದ ಎಳೆಯೇ ಮುಖ್ಯ. ಹೊರಗೆ ಜೆಲ್ ಆಗದಷ್ಟು ತೆಳು ದ್ರಾವಣ ಕೂಡ ಒಳಗಿಟ್ಟರೆ ಜೆಲ್ ಆಗುತ್ತೆ. ಬೆಳಿಗ್ಗೆ ಹೊರಗೆ ತೆಗೆದು ಕರಗಿಸಿದರೆ ಐಸ್ ನೀರಾಗಿ ಹೋಗುತ್ತೆ. ಹರಳುಗಳು ಬೆಳೀತಾ ಬೆಳೀತಾ ಒಂದಕ್ಕೊಂದು ತಾಗಿದ್ದರಿಂದ ಅವು ಬಿಟ್ಟ ಖಾಲಿ ಜಾಗಗಳೂ ಒಂದರೊಳಗೊಂದು ತೆರೆದುಕೊಂಡಿರುತ್ತವೆ. ಈ ಕಡೆಯಿಂದ ಆ ಕಡೆಯವರೆಗೆ ದಾರಿ. ಇದನ್ನೇ ಕ್ರಯೋಜೆಲ್ ಅನ್ನೋದು.

ಮೇಷ್ಟ್ರು: ಅಂದರೆ ಐಸೇ ಅಚ್ಚು. ಅಚ್ಚನ್ನು ಒಡೆದು ತೆಗೆಯುವ ಕಷ್ಟವೂ ಇಲ್ಲ, ತೊಳೆದು ತೆಗೆಯೋಕೆ ಬೇರೆ ರಾಸಾಯನಿಕವೂ ಬೇಡ.

ಶಿಷ್ಯೆ: ಹೌದು, ಅದೇ ಇದರ ದೊಡ್ಡ ಗುಣ. ಆದರೆ ಐಸಿಗೂ ಜೆಲ್‌ಗೂ ಒಂದು ಪೈಪೋಟಿ ನಡೀತಿರುತ್ತೆ. ದ್ರಾವಣ ಹೆಪ್ಪುಗಟ್ಟುವ ಮುಂಚೆಯೇ ಪಾಲಿಮರ್ ಆಗಿಬಿಟ್ಟರೆ ಮಾಮೂಲಿ ಜೆಲ್ ಸಿಗುತ್ತೆ, ದಾರಿಗಳೇ ಇರಲ್ಲ. ಅದಕ್ಕೇ ಇನಿಷಿಯೇಟರ್ ಹಾಕುವ ಮೊದಲೇ ಎಲ್ಲವನ್ನೂ ಐಸಿನಲ್ಲಿಟ್ಟು ತಣ್ಣಗೆ ಮಾಡಿಕೊಂಡು, ಹಾಕಿದ ತಕ್ಷಣ ಕೊಳವೆಗೆ ಸುರಿದು ಒಳಗೆ ತಳ್ಳಬೇಕು. ಚಳಿ ಇನ್ನೂ ಜಾಸ್ತಿ ಮಾಡಿದರೆ ಸಣ್ಣ ಸಣ್ಣ ಹರಳು ಹೆಚ್ಚು ಹುಟ್ಟುತ್ತವೆ, ದಾರಿ ಕಿರಿದಾಗುತ್ತೆ. ಶೂನ್ಯಕ್ಕೆ ಹತ್ತಿರ ಇಟ್ಟು ನಿಧಾನ ಮಾಡಿದರೆ ಹರಳು ದೊಡ್ಡವು, ದಾರಿ ಅಗಲ. ಸಾಮಾನ್ಯವಾಗಿ ಹತ್ತರಿಂದ ನೂರು ಮೈಕ್ರಾನ್ ಅಗಲ ಬರುತ್ತೆ.

ಮೇಷ್ಟ್ರು: ನಮ್ಮ ಕೆಂಪು ರಕ್ತಕಣ ಏಳೆಂಟು ಮೈಕ್ರಾನ್. ಅದು ಆರಾಮಾಗಿ ಹಾದುಹೋಗುತ್ತೆ ಹಾಗಾದರೆ.

ಶಿಷ್ಯೆ: ಅಲ್ಲಿಗೇ ಬರ್ತೀನಿ ಸಾರ್. ಅದಕ್ಕೂ ಮೊದಲು ಕೈಗೆ ಹೇಗಿರುತ್ತೆ ಅಂತ ಹೇಳಬೇಕು. ಅಕ್ರಿಲಮೈಡಿನ ಮಾಮೂಲಿ ಜೆಲ್ ನಾವು ಎಲೆಕ್ಟ್ರೋಫೋರಿಸಿಸ್‌ಗೆ ದಿನಾ ಮಾಡ್ತೀವಿ. ಸ್ವಲ್ಪ ಬಗ್ಗಿಸಿದರೆ ಹರಿದುಹೋಗುತ್ತೆ. ಅದೇ ಸಾಮಾನು, ಅದೇ ಅಳತೆ, ಫ್ರೀಜರಿನಲ್ಲಿ ಮಾಡಿದ್ದನ್ನು ಮುಷ್ಟಿಯಲ್ಲಿ ಹಿಂಡಿದರೆ ನೀರೆಲ್ಲ ಸುರಿದು ಮುದುಡಿಕೊಳ್ಳುತ್ತೆ. ನೀರಿಗೆ ಹಾಕಿದರೆ ಕ್ಷಣದಲ್ಲಿ ಮೊದಲಿನ ಆಕಾರಕ್ಕೆ ಬರುತ್ತೆ. ಮೊದಲ ಸಲ ಮಾಡಿದಾಗ ನನಗೆ ನಂಬಿಕೆಯೇ ಬರಲಿಲ್ಲ. ಪಾಲಿಮರ್ ಎಲ್ಲ ಒತ್ತೊತ್ತಾಗಿ ತೆಳು ಗೋಡೆಗಳಲ್ಲಿ ಸೇರಿಕೊಂಡಿರುತ್ತೆ, ಅದಕ್ಕೇ ಆ ಗಟ್ಟಿತನ. ಉಳಿದ ಬಹುಭಾಗ ಖಾಲಿ.

ಮೇಷ್ಟ್ರು: ಇದನ್ನು ಮೊದಲು ಯಾರು ಕಂಡುಹಿಡಿದದ್ದು?

ಶಿಷ್ಯೆ: ಒಬ್ಬರ ಹೆಸರಿಗೆ ಬರೆಯೋಕೆ ಆಗಲ್ಲ. ಮಾಸ್ಕೋದಲ್ಲಿ ನೆಸ್ಮೆಯಾನೋವ್ ಸಂಸ್ಥೆಯ ವ್ಲಾಡಿಮಿರ್ ಲೊಝಿನ್‌ಸ್ಕಿ ಅವರು ದಶಕಗಟ್ಟಲೆ ಇದನ್ನೇ ಹಿಡಿದು ಕೂತು ಶಾಸ್ತ್ರವಾಗಿ ಕಟ್ಟಿದರು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಬೋ ಮ್ಯಾಟಿಯಾಸನ್ ಮತ್ತು ಇಗೋರ್ ಗಲಾಯೆವ್ ಅವರ ಗುಂಪು ಅದನ್ನು ಜೈವಿಕ ತಂತ್ರಜ್ಞಾನಕ್ಕೆ ತಂದಿತು. 2003ರಲ್ಲಿ ಇವರೆಲ್ಲ ಸೇರಿ ಬರೆದ ಲೇಖನ ಓದಿಯೇ ನಮ್ಮ ಕಾಲದವರೆಲ್ಲ ಈ ವಿಷಯಕ್ಕೆ ಬಂದದ್ದು. ನಮ್ಮ ದೇಶದಲ್ಲಿ ಐಐಟಿ ಕಾನ್ಪುರದ ಅಶೋಕ್ ಕುಮಾರ್. ಅವರು ಲುಂಡ್‌ನವರ ಜೊತೆ ಕೆಲಸ ಮಾಡಿ, ಕಾನ್ಪುರದಲ್ಲಿ ದೊಡ್ಡ ಗುಂಪನ್ನೇ ಬೆಳೆಸಿದರು. ಆದರೆ ಸಾರ್, ಇದೇ ತಂತ್ರ ಅಡುಗೆಮನೆಯಲ್ಲಿ ತುಂಬಾ ಹಳೆಯದು. ಚೈನಾ ಗ್ರಾಸ್ ಗೊತ್ತಲ್ಲ?

ಮೇಷ್ಟ್ರು: ಹಾಲು ಸಕ್ಕರೆ ಹಾಕಿ ಕುದಿಸಿ ತಟ್ಟೆಗೆ ಸುರಿದು ಮಾಡ್ತಾರಲ್ಲ. ಅಗರ್. ನಮ್ಮ ಕಾಲೇಜಿನ ಜೀವಶಾಸ್ತ್ರದವರು ಬ್ಯಾಕ್ಟೀರಿಯ ಬೆಳೆಸೋಕೂ ಅದನ್ನೇ ತರಿಸ್ತಿದ್ದರು.

ಶಿಷ್ಯೆ: ಅದನ್ನು ಒಣಗಿಸುವ ವಿದ್ಯೆ ಹದಿನೇಳನೇ ಶತಮಾನದ ಜಪಾನಿನದು. ಕಡಲಪಾಚಿಯ ಗಂಜಿಯನ್ನು ಚಳಿಗಾಲದ ರಾತ್ರಿ ಹೊರಗಿಟ್ಟು ಹೆಪ್ಪುಗಟ್ಟಿಸೋದು, ಹಗಲು ಕರಗಲು ಬಿಡೋದು. ಕರಗುವ ನೀರಿನ ಜೊತೆ ಕೊಳೆ, ಉಪ್ಪು ಹರಿದುಹೋಗುತ್ತೆ. ಕೊನೆಗೆ ಹಗುರವಾದ, ತೂತುತೂತಾದ ಕಡ್ಡಿ ಉಳಿಯುತ್ತೆ. ಅದೇ ಅಗರನ್ನು 1880ರ ದಶಕದ ಶುರುವಿನಲ್ಲಿ ಫ್ಯಾನಿ ಹೆಸ್ಸೆ ಅನ್ನುವ ಹೆಂಗಸು, ಅಡುಗೆಯಲ್ಲಿ ಬಳಸಿ ಗೊತ್ತಿದ್ದರಿಂದ, ಬ್ಯಾಕ್ಟೀರಿಯ ಬೆಳೆಸಲು ಒಗ್ಗುತ್ತೆ ಅಂತ ಸೂಚಿಸಿದರು. ಅವರ ಗಂಡ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿದ್ದರು. ಮುಂದೆ 1960ರ ದಶಕದಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಸ್ಟೆಲನ್ ಯೆರ್ಟೆನ್, ಅಗರಿನಿಂದ ಅಗರೋಸ್ ಬೇರ್ಪಡಿಸಿ ಸಣ್ಣ ಮಣಿಗಳಾಗಿ ಮಾಡಿದರು. ನನ್ನ ಇಡೀ ಕಸುಬು ಆ ಮಣಿಗಳ ಮೇಲೆ ನಿಂತಿದೆ.

ಮೇಷ್ಟ್ರು: ನಿನ್ನ ಕೆಲಸದಲ್ಲಿ ನಿಜಕ್ಕೂ ಏನು ನಡೆಯುತ್ತೆ ಅಂತ ಸರಿಯಾಗಿ ಹೇಳಮ್ಮ. ಮಗಳು ಕೇಳಿದರೆ ‘ಔಷಧದ ಕಂಪನಿ’ ಅಂತ ಅಷ್ಟೇ ಹೇಳ್ತೀನಿ.

ಶಿಷ್ಯೆ: ಬೆಂಗಳೂರಲ್ಲಿ ಇನ್ಸುಲಿನ್ ಮಾಡ್ತಾರೆ, ಕ್ಯಾನ್ಸರಿನ ಆಂಟಿಬಾಡಿ ಮಾಡ್ತಾರೆ ಅಂತ ಪತ್ರಿಕೆಯಲ್ಲಿ ಓದಿರ್ತೀರಿ. ಇಲ್ಲಿಯ ಬಯೋಕಾನ್ ಕಂಪನಿ 1978ರಲ್ಲಿ ಶುರುವಾದಾಗ ಪರಂಗಿ ಹಾಲಿನ ಪಪೇನ್ ಎಂಜೈಮು, ಮೀನಿನ ಗಾಳಿಚೀಲದ ಐಸಿಂಗ್ಲಾಸ್ ತೆಗೀತಿದ್ದರು. 2004ರಲ್ಲಿ ಯೀಸ್ಟಿನಲ್ಲಿ ಬೆಳೆಸಿದ ಇನ್ಸುಲಿನ್ ಬಂತು. 2014ರಲ್ಲಿ ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮ್ಯಾಬ್ ಇಲ್ಲಿ ಮಾರಾಟಕ್ಕೆ ಬಂತು, 2017ರ ಡಿಸೆಂಬರಿನಲ್ಲಿ ಅದೇ ಔಷಧಕ್ಕೆ ಅಮೆರಿಕದ ಒಪ್ಪಿಗೆಯೂ ಸಿಕ್ಕಿತು. ಇಂಥದ್ದೆಲ್ಲ ದೊಡ್ಡ ಸ್ಟೀಲ್ ತೊಟ್ಟಿಯಲ್ಲಿ ಜೀವಕೋಶಗಳು ಮಾಡಿಕೊಡೋದು. ತೊಟ್ಟಿಯಿಂದ ಹೊರಗೆ ಬರೋದು ಔಷಧವಲ್ಲ, ಒಂದು ರಾಡಿ. ಕೋಶಗಳು, ಅವುಗಳ ಚೂರು, ಡಿಎನ್‌ಎ, ನೂರಾರು ಬೇಡದ ಪ್ರೋಟೀನು, ಅವುಗಳ ನಡುವೆ ನಮಗೆ ಬೇಕಾದ ಒಂದೇ ಒಂದು. ಅದನ್ನು ಹಿಡಿಯುವವರು ನಾವು.

ಮೇಷ್ಟ್ರು: ಮಣಿಗಳಿಂದ.

ಶಿಷ್ಯೆ: ಹೌದು, ಮಣಿ ತುಂಬಿದ ಕಾಲಂಗಳಿಂದ. ಒಂದೊಂದು ಮಣಿ ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗದಷ್ಟಿರುತ್ತೆ. ಅದರೊಳಗೆ ಹತ್ತಾರು ನ್ಯಾನೋಮೀಟರಿನ ತೂತುಗಳು. ಆಂಟಿಬಾಡಿ ಸುಮಾರು ಹತ್ತು ನ್ಯಾನೋಮೀಟರು, ಒಳಗೆ ನುಸುಳುತ್ತೆ. ಒಳಗೋಡೆಗೆ ಕಟ್ಟಿರುವ ಪ್ರೋಟೀನ್-ಎ ಅದನ್ನು ಹಿಡಿದುಕೊಳ್ಳುತ್ತೆ. ಉಳಿದದ್ದನ್ನು ತೊಳೆದು, ಆಮ್ಲದ ಬಫರ್ ಬಿಟ್ಟು ಆಂಟಿಬಾಡಿ ಇಳಿಸಿಕೊಳ್ತೀವಿ. ಈ ಮಣಿ ಲೀಟರಿಗೆ ಲಕ್ಷಗಟ್ಟಲೆ ರೂಪಾಯಿ ಸಾರ್. ಹೆಚ್ಚಿನ ಪಾಲು ಹೊರದೇಶದಿಂದಲೇ ಬರುತ್ತೆ. ಉಪ್ಸಾಲಾದ ಆ ಮಣಿಗಳ ವ್ಯಾಪಾರ ಫಾರ್ಮಾಸಿಯಾ ಕಂಪನಿಯಿಂದ ಅಮೆರ್‌ಶಾಮ್‌ಗೆ, 2004ರಲ್ಲಿ ಜಿಇ ಕಂಪನಿಗೆ, 2020ರಲ್ಲಿ ಸೈಟಿವಾ ಅನ್ನುವ ಹೆಸರಿಗೆ ಬಂತು. ಜಿಇ ಕಂಪನಿಯ ಸಂಶೋಧನಾ ಕೇಂದ್ರ ನಮ್ಮ ವೈಟ್‌ಫೀಲ್ಡ್‌ನಲ್ಲೇ 2000ರಲ್ಲಿ ತೆರೆದದ್ದು, ಇಲ್ಲಿಂದ ಹತ್ತಿರವೇ.

ಮೇಷ್ಟ್ರು: ಹಾಗಾದರೆ ನನ್ನ ಪ್ರಶ್ನೆ ನೇರವಾಗಿ ಕೇಳ್ತೀನಿ. ಅಕ್ರಿಲಮೈಡ್ ಅಗ್ಗ. ಫ್ರೀಜರ್ ಎಲ್ಲ ಕಡೆ ಇದೆ. ಲಕ್ಷ ಕೊಟ್ಟು ಹೊರಗಿನ ಮಣಿ ತರುವ ಬದಲು ಈ ಐಸಿನ ಜೆಲ್ ಮಾಡಿ ಅದಕ್ಕೇ ಪ್ರೋಟೀನ್-ಎ ಕಟ್ಟಬಾರದೇಕೆ? ನಮ್ಮ ಹುಡುಗರಿಗೆ ಇದು ಆಗದ ಕೆಲಸವಾ? ಔಷಧದ ಬೆಲೆ ಇಳಿಯುತ್ತೆ. ನನ್ನ ಅಕ್ಕನಿಗೆ ಆ ಕ್ಯಾನ್ಸರಿನ ಚುಚ್ಚುಮದ್ದು ಬೇಕಾಗಿದ್ದಾಗ ಮನೆಯವರೆಲ್ಲ ಎಷ್ಟು ಒದ್ದಾಡಿದರು ಅಂತ ನನಗೆ ಗೊತ್ತು.

ಶಿಷ್ಯೆ: ನನಗೂ ಆ ಆಸೆ ಇತ್ತು ಸಾರ್. ಆದರೆ ಅದು ಆಗಲ್ಲ, ಆಗದಿರುವ ಕಾರಣ ಬಹಳ ಸ್ಪಷ್ಟವಾಗಿದೆ. ನೀವೇ ಲೆಕ್ಕ ಮಾಡಿ. ಕೊಳವೆಯಂಥ ತೂತಿನಲ್ಲಿ ಗೋಡೆಯ ವಿಸ್ತೀರ್ಣಕ್ಕೂ ಒಳಗಿನ ಗಾತ್ರಕ್ಕೂ ಇರುವ ಅನುಪಾತ ಎಷ್ಟು?

ಮೇಷ್ಟ್ರು: ನಾಲ್ಕನ್ನು ವ್ಯಾಸದಿಂದ ಭಾಗಿಸಿದರೆ ಬರುತ್ತೆ. ವ್ಯಾಸ 50 ನ್ಯಾನೋಮೀಟರಿನಿಂದ 50 ಮೈಕ್ರಾನಿಗೆ ಹೋದರೆ ಸಾವಿರ ಪಟ್ಟು. ಓ... ಗೋಡೆ ಸಾವಿರದಲ್ಲಿ ಒಂದು ಪಾಲಾಯಿತು.

ಶಿಷ್ಯೆ: ಅಷ್ಟೇ. ಮಣಿಯ ಒಂದು ಮಿಲಿಲೀಟರಿಗೆ ಮೂವತ್ತು ನಲವತ್ತು ಮಿಲಿಗ್ರಾಂ ಆಂಟಿಬಾಡಿ ಹಿಡಿಯುತ್ತೆ, ಹೊಸ ಮಣಿಗಳು ಇನ್ನೂ ಹೆಚ್ಚು. ಬರೀ ಕ್ರಯೋಜೆಲ್ ಆದರೆ ಕೆಲವೇ ಮಿಲಿಗ್ರಾಂ, ಎಷ್ಟೋ ಸಲ ಅಷ್ಟೂ ಇಲ್ಲ. ಗೋಡೆಯ ಮೇಲೆ ಇನ್ನಷ್ಟು ಪಾಲಿಮರ್ ಸರಪಳಿಗಳನ್ನು ಪೈರಿನ ಹಾಗೆ ನಾಟಿ ಹಿಡಿಯುವ ಜಾಗ ಹೆಚ್ಚಿಸ್ತಾರೆ, ಸಣ್ಣ ಕಣಗಳನ್ನು ಒಳಗೆ ಹುದುಗಿಸ್ತಾರೆ. ಸುಧಾರಿಸುತ್ತೆ. ಆದರೂ ಸ್ವಚ್ಛ ಮಾಡಿದ ದ್ರಾವಣದಿಂದ ಆಂಟಿಬಾಡಿ ಹಿಡಿಯುವ ಕೆಲಸದಲ್ಲಿ ಮಣಿಯ ಎದುರು ನಿಲ್ಲಲ್ಲ. ಅಲ್ಲಿ ಇದನ್ನು ತಂದು ನಿಲ್ಲಿಸುವುದು ಇದಕ್ಕೇ ಮಾಡುವ ಅನ್ಯಾಯ.

ಮೇಷ್ಟ್ರು: ಹಾಗಾದರೆ ಇದರ ಜಾಗ ಎಲ್ಲಿ?

ಶಿಷ್ಯೆ: ಮಣಿ ಸೋಲುವ ಕಡೆ. ಒತ್ತಾಗಿ ಮಣಿ ತುಂಬಿದ ಕಾಲಂಗೆ ತೊಟ್ಟಿಯ ರಾಡಿಯನ್ನು ಹಾಗೇ ಬಿಟ್ಟರೆ ಕ್ಷಣದಲ್ಲಿ ಕಟ್ಟಿಕೊಳ್ಳುತ್ತೆ. ಅದಕ್ಕೇ ಮೊದಲು ಸೆಂಟ್ರಿಫ್ಯೂಜ್, ಆಮೇಲೆ ಒಂದಾದ ಮೇಲೊಂದು ಫಿಲ್ಟರ್. ಪ್ರತಿ ಹಂತದಲ್ಲೂ ಸ್ವಲ್ಪ ಪ್ರೋಟೀನ್ ಕಳೆದುಹೋಗುತ್ತೆ, ಸಮಯವೂ ಹೋಗುತ್ತೆ. ಕ್ರಯೋಜೆಲ್‌ಗೆ ಬ್ಯಾಕ್ಟೀರಿಯ ಇರುವ ರಾಡಿಯನ್ನೇ ಬಿಡಬಹುದು. ಕೋಶಗಳು ಹಾದುಹೋಗುತ್ತವೆ, ಪ್ರೋಟೀನ್ ಗೋಡೆಗೆ ಅಂಟುತ್ತೆ. ಒತ್ತಡವೂ ಹೆಚ್ಚು ಬೇಡ, ತಲೆಯೆತ್ತರಕ್ಕೆ ಬಾಟಲಿ ಕಟ್ಟಿ ಬಿಟ್ಟರೂ ಇಳಿಯುತ್ತೆ. ಮಣಿಯೊಳಗೆ ಅಣು ತಾನೇ ತೆವಳಿಕೊಂಡು ಹೋಗಬೇಕು, ಇಲ್ಲಿ ಹರಿವೇ ಅದನ್ನು ಗೋಡೆಯ ಹತ್ತಿರ ಒಯ್ಯುತ್ತೆ.

ಮೇಷ್ಟ್ರು: ನಿಮ್ಮ ಇನ್ಸುಲಿನ್ ಯೀಸ್ಟಿನ ತೊಟ್ಟಿಗೆ ಇದು ಒಗ್ಗಬೇಕಲ್ಲ?

ಶಿಷ್ಯೆ: ಆ ಯೀಸ್ಟ್ ತುಂಬಾ ದಟ್ಟವಾಗಿ ಬೆಳೆಯುತ್ತೆ ಸಾರ್. ತೊಟ್ಟಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೋಶಗಳೇ ಇರಬಹುದು. ಅಷ್ಟು ಗಟ್ಟಿ ರಾಡಿಗೆ ಇದೂ ಏದುಸಿರು ಬಿಡುತ್ತೆ, ನೀರು ಬೆರೆಸಬೇಕಾಗುತ್ತೆ. ನನ್ನ ಮನಸ್ಸು ಹೋಗೋದು ಬೇರೆ ಕಡೆ. ಪ್ರೋಟೀನನ್ನಲ್ಲ, ಜೀವಕೋಶವನ್ನೇ ಹಿಡಿಯಬೇಕಾದಾಗ ಏನು ಮಾಡ್ತೀರಿ? ಜೀವಂತ ಕೋಶ ಮಣಿಯೊಳಗೆ ಹೋಗೋ ಮಾತೇ ಇಲ್ಲ. ಇಲ್ಲಿ ಐಸು ಮಾಡಿಕೊಟ್ಟ ದಾರಿ ಅದರ ಅಳತೆಗೇ ಇದೆ.

ಮೇಷ್ಟ್ರು: ಕೋಶವನ್ನು ಯಾಕೆ ಹಿಡಿಯಬೇಕು?

ಶಿಷ್ಯೆ: ಬೊಮ್ಮಸಂದ್ರದ ಕಡೆ ಈಗ ಕೋಶವೇ ಔಷಧವಾಗಿದೆ. ಇಮ್ಯುನೀಲ್ ಅನ್ನುವ ಕಂಪನಿ 2025ರ ಜನವರಿಯಲ್ಲಿ ಕಾರ್-ಟಿ ಚಿಕಿತ್ಸೆಯೊಂದನ್ನು ತಂದಿತು, ಒಂದು ಬಗೆಯ ರಕ್ತದ ಕ್ಯಾನ್ಸರಿಗೆ. ರೋಗಿಯದೇ ರಕ್ತ ತೆಗೆದು, ಅದರಲ್ಲಿರುವ ಟಿ-ಕೋಶಗಳನ್ನು ಬೇರ್ಪಡಿಸಿ, ಅವುಗಳೊಳಗೆ ಹೊಸ ಜೀನು ಇಟ್ಟು, ಬೆಳೆಸಿ, ಮತ್ತೆ ಅದೇ ರೋಗಿಗೆ ಹತ್ತಿಸ್ತಾರೆ. ಕೋಶ ಬೇರ್ಪಡಿಸೋಕೆ ಈ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಆಯಸ್ಕಾಂತದ ಸಣ್ಣ ಕಣಗಳನ್ನು ಬಳಸ್ತಾರೆ. ಅದು ದುಬಾರಿ. ಅಲ್ಲಿ ಕ್ರಯೋಜೆಲ್ ಬಳಸ್ತಾರೆ ಅಂತ ನಾನು ಹೇಳ್ತಿಲ್ಲ. ಆದರೆ ಅದೇ ಬಗೆಯ ಬೇರ್ಪಡಿಕೆಯನ್ನು ಅಶೋಕ್ ಕುಮಾರ್ ಮತ್ತು ಲುಂಡ್‌ನವರು 2003ರಲ್ಲೇ ಕ್ರಯೋಜೆಲ್‌ನಲ್ಲಿ ಮಾಡಿ ತೋರಿಸಿದ್ದಾರೆ. ಬಿ-ಕೋಶದ ಮೈಮೇಲೆ ಆಂಟಿಬಾಡಿ ಇರುತ್ತೆ, ಟಿ-ಕೋಶದ ಮೇಲೆ ಇರಲ್ಲ. ಬಿ-ಕೋಶಗಳಿಗೆ ಗುರುತಿನ ಆಂಟಿಬಾಡಿ ಅಂಟಿಸಿ, ಪ್ರೋಟೀನ್-ಎ ಕಟ್ಟಿದ ಜೆಲ್ ಮೇಲೆ ಹರಿಸಿದರು. ಬಿ-ಕೋಶಗಳಲ್ಲಿ ಬಹುಪಾಲು ಅಲ್ಲೇ ಸಿಕ್ಕಿಕೊಂಡವು, ಟಿ-ಕೋಶಗಳು ಈಜಿಕೊಂಡು ಆಚೆ ಬಂದವು. ಆ ವಿಧಾನವನ್ನು ಯಾರಾದರೂ ಮಾಡಬಹುದಾದ ಹಾಗೆ ಹಂತಹಂತವಾಗಿ 2010ರಲ್ಲಿ ಕಾನ್ಪುರದಿಂದ ಪ್ರಕಟಿಸಿದರು.

ಮೇಷ್ಟ್ರು: ಸಿಕ್ಕಿಕೊಂಡ ಕೋಶ ಬಿಡಿಸಿಕೊಳ್ಳೋದು ಹೇಗೆ? ಆಂಟಿಬಾಡಿಗೆ ಆಮ್ಲ ಬಿಡ್ತೀವಿ ಅಂದೆ. ಕೋಶಕ್ಕೆ ಆಮ್ಲ ಬಿಟ್ಟರೆ ಸತ್ತೇ ಹೋಗುತ್ತಲ್ಲ.

ಶಿಷ್ಯೆ: ಅಬ್ಬ, ಸರಿಯಾದ ಜಾಗಕ್ಕೇ ಬಂದಿರಿ. ಕೋಶ ಒಂದು ಕೊಂಡಿಯಿಂದ ಅಂಟಿರಲ್ಲ, ನೂರಾರು ಕೊಂಡಿಗಳಿಂದ ಅಂಟಿರುತ್ತೆ. ರಾಸಾಯನಿಕದಿಂದ ಬಿಡಿಸೋದು ಕಷ್ಟ. ಆಗ ಅವರು ಜೆಲ್ಲನ್ನು ಹಿಂಡಿದರು!

ಮೇಷ್ಟ್ರು: ಹಿಂಡಿದರಾ?

ಶಿಷ್ಯೆ: ಹೌದು ಸಾರ್. ಕಾಲಂ ಒಳಗಿನ ಜೆಲ್ಲನ್ನು ಅದುಮಿದಾಗ ಗೋಡೆ ಮಡಚಿಕೊಳ್ಳುತ್ತೆ, ಕೊಂಡಿಗಳ ನಡುವಿನ ಅಂತರ ಬದಲಾಗುತ್ತೆ, ಕೋಶ ಕಳಚಿಕೊಂಡು ಹಿಂಡಿದ ನೀರಿನ ಜೊತೆ ಹೊರಗೆ ಬರುತ್ತೆ. ಜೀವಂತವಾಗಿ. 2006ರಲ್ಲಿ ಮರಿಯಾ ಡೈನಿಯಾಕ್ ಮತ್ತು ಸಂಗಡಿಗರು ಅಮೆರಿಕದ ರಾಷ್ಟ್ರೀಯ ಅಕಾಡೆಮಿಯ ಪತ್ರಿಕೆಯಲ್ಲಿ ಇದನ್ನು ಬರೆದರು, ಅಶೋಕ್ ಕುಮಾರ್ ಅವರೂ ಅದರಲ್ಲಿದ್ದರು. ಮಣಿ ತುಂಬಿದ ಕಾಲಂಗೆ ಈ ಗುಣ ಇಲ್ಲ. ಈ ವಸ್ತುವಿನ ಬಗ್ಗೆ ನನಗಿರುವ ಪ್ರೀತಿಗೆ ಕಾರಣ ಅದೇ. ಚಳಿಯಿಂದ ಬಂದ ಮೃದುತನವೇ ಇಲ್ಲಿ ಕೆಲಸ ಮಾಡ್ತಿದೆ.

ಮೇಷ್ಟ್ರು: ಕೋಶ ಹಿಡಿಯೋದಾಯಿತು. ಬೆಳೆಸೋಕೂ ಆಗುತ್ತಾ?

ಶಿಷ್ಯೆ: ಆಗುತ್ತೆ. ಅದೇ 2006ರಲ್ಲಿ ಅಶೋಕ್ ಕುಮಾರ್ ಮತ್ತು ಸಂಗಡಿಗರು ಜಿಲಾಟಿನ್ ಕಟ್ಟಿದ ಕ್ರಯೋಜೆಲ್ ಒಳಗೆ ಮನುಷ್ಯನ ಕ್ಯಾನ್ಸರ್ ಕೋಶಗಳನ್ನು ಬೆಳೆಸಿದರು. ಆ ಕೋಶಗಳು ಯುರೋಕಿನೇಸ್ ಅನ್ನುವ ಎಂಜೈಮನ್ನು ಹೊರಗೆ ಬಿಡ್ತವೆ. ರಕ್ತ ಹೆಪ್ಪುಗಟ್ಟಿದ್ದನ್ನು ಕರಗಿಸೋಕೆ ಅದು ಔಷಧ. ಹೊರಬಂದ ದ್ರವ ನೇರ ಇನ್ನೊಂದು ಕ್ರಯೋಜೆಲ್‌ಗೆ, ಅದರ ಗೋಡೆಗೆ ತಾಮ್ರದ ಅಯಾನು ಕಟ್ಟಿರುತ್ತೆ, ಎಂಜೈಮು ಅಲ್ಲಿ ನಿಲ್ಲುತ್ತೆ. ಬೆಳೆಸುವ ಮನೆ, ಹಿಡಿಯುವ ಬಲೆ ಎರಡೂ ಒಂದೇ ಸಾಲಿನಲ್ಲಿ.

ಮೇಷ್ಟ್ರು: ಕೇಳೋಕೆ ಇಷ್ಟು ಚೆನ್ನಾಗಿದ್ದರೆ ಎಲ್ಲ ಕಾರ್ಖಾನೆಗಳಲ್ಲೂ ಇರಬೇಕಿತ್ತು. ಇಲ್ಲ ಯಾಕೆ? ಮುಚ್ಚುಮರೆ ಬೇಡ.

ಶಿಷ್ಯೆ: ದೊಡ್ಡದು ಮಾಡೋದು ಕಷ್ಟ. ಬೆರಳು ಗಾತ್ರದ ಕೊಳವೆಯಲ್ಲಿ ಎಲ್ಲ ಕಡೆಯಿಂದ ಬೇಗ ಶಾಖ ಹೋಗುತ್ತೆ, ಹರಳು ಹೆಚ್ಚುಕಡಿಮೆ ಒಂದೇ ಸಮ. ಬಕೆಟ್ ಗಾತ್ರಕ್ಕೆ ಹೋದರೆ ಅಂಚು ಮೊದಲು ಗಟ್ಟಿಯಾಗುತ್ತೆ, ನಡು ಗಂಟೆಗಟ್ಟಲೆ ನೀರಾಗಿರುತ್ತೆ. ಹರಳು ಕಟ್ಟುವಾಗ ನೀರೇ ಶಾಖ ಬಿಡುತ್ತೆ, ಪಾಲಿಮರ್ ಕ್ರಿಯೆಯೂ ಶಾಖ ಬಿಡುತ್ತೆ. ಅಂಚಿನಲ್ಲಿ ಒಂದು ಅಗಲದ ದಾರಿ, ನಡುವೆ ಇನ್ನೊಂದು ಅಗಲ. ಇನ್ನೊಂದು ತೊಂದರೆ, ನೀರು ಸೊನ್ನೆಗಿಂತ ಕೆಳಗೆ ಹೋದರೂ ಕೆಲವೊಮ್ಮೆ ಹೆಪ್ಪುಗಟ್ಟದೆ ಕಾಯುತ್ತೆ, ಆಮೇಲೆ ಒಮ್ಮೆಲೇ ಹರಳಾಗುತ್ತೆ. ಎಷ್ಟು ಹೊತ್ತು ಕಾಯುತ್ತೆ ಅನ್ನೋದು ಸಣ್ಣ ಧೂಳಿನ ಕಣದ ಮೇಲೂ ನಿಂತಿರುತ್ತೆ. ಔಷಧದ ಕೆಲಸದಲ್ಲಿ ಈ ತಿಂಗಳ ಕಾಲಂ ಹೋದ ತಿಂಗಳದ್ದರ ಹಾಗೇ ಇರಲೇಬೇಕು. ನನ್ನ ಕೈಯಲ್ಲೇ ಒಂದೇ ಅಳತೆ ಹಾಕಿ, ಒಂದೇ ದಿನ ಮಾಡಿದ ಕೊಳವೆಗಳು ಬೇರೆ ಬೇರೆ ವೇಗದಲ್ಲಿ ಹರಿಸಿದ್ದಿವೆ.

ಮೇಷ್ಟ್ರು: ಅದು ಬಿಡಿಸಬಹುದಾದ ಸಮಸ್ಯೆ. ಶಾಖ ಹೊರಹಾಕುವ ಸಮಸ್ಯೆ ಅಂದರೆ ಎಂಜಿನಿಯರುಗಳ ಸಮಸ್ಯೆ. ಈ ಬ್ರೂಕ್‌ಫೀಲ್ಡಿನಲ್ಲಿ ಕಲ್ಲು ಹೊಡೆದರೆ ಎ.ಸಿ. ಗೊತ್ತಿರುವ ಎಂಜಿನಿಯರಿಗೇ ತಾಗುತ್ತೆ. ಒಂದೇ ದೊಡ್ಡ ಗಡ್ಡೆ ಯಾಕೆ, ಸಣ್ಣ ಸಣ್ಣದಾಗಿ ಮಾಡಿ ಸಾಲಾಗಿ ಜೋಡಿಸಲಿ.

ಶಿಷ್ಯೆ: ಹಾಗೇ ಮಾಡ್ತಾರೆ, ಪ್ಲಾಸ್ಟಿಕ್ಕಿನ ಸಣ್ಣ ಗೂಡುಗಳೊಳಗೆ ಜೆಲ್ ಕಟ್ಟಿ ಅವನ್ನೇ ಕಾಲಂಗೆ ತುಂಬುವ ದಾರಿಯೂ ಇದೆ. ನಿಮ್ಮ ಮಾತು ನಿಜ. ಮಾಲಿಕ್ಯೂಲುಗಳ ಕೆಲಸ ಮುಗಿದಿದೆ, ತಣ್ಣಗೆ ಮಾಡುವ ಕೆಲಸ ಬಾಕಿ ಇದೆ. ಪ್ರೋಟೀನ್ ಮಾಡುವ ವಿದ್ಯೆಯಲ್ಲಿ ನಮ್ಮೂರು ಜಗತ್ತಿನ ಸಾಲಿನಲ್ಲಿ ನಿಂತಿದೆ, ಆದರೆ ಅದನ್ನು ಹಿಡಿಯುವ ಬಲೆಗೆ ಇನ್ನೂ ಹೊರಗೆ ನೋಡ್ತೀವಿ. ಕೋಶಚಿಕಿತ್ಸೆಯ ಬಲೆಯನ್ನಾದರೂ ಇಲ್ಲೇ ನೇಯಬೇಕು ಅಂತ ನನಗೆ ತುಂಬಾ ಇದೆ ಸಾರ್. ಆ ಕ್ಷೇತ್ರ ನಮ್ಮಲ್ಲಿ ಇನ್ನೂ ಹೊಸದು.

ಮೇಷ್ಟ್ರು: ದೇಹದೊಳಗೆ ಇಡೋಕೆ? ಮಂಡಿ ಸವೆದವರು ನಮ್ಮ ಅಪಾರ್ಟ್‌ಮೆಂಟಿನಲ್ಲೇ ಎಷ್ಟು ಜನ.

ಶಿಷ್ಯೆ: ಅಲ್ಲಿ ಎಚ್ಚರಿಕೆ ಬೇಕು. ಪಾಲಿವಿನೈಲ್ ಆಲ್ಕೋಹಾಲ್, ಪಿವಿಎ ಅಂತೀವಲ್ಲ, ಅದನ್ನು ನೀರಿನಲ್ಲಿ ಕರಗಿಸಿ ಹೆಪ್ಪುಗಟ್ಟಿಸಿ ಕರಗಿಸಿದರೆ ರಬ್ಬರಿನಂಥ ಜೆಲ್ ಆಗುತ್ತೆ. ಬೇರೆ ರಾಸಾಯನಿಕವೇ ಬೇಡ. ಆ ಬಗೆಯ ಜೆಲ್ಲಿನಿಂದ ಕಾಲಿನ ಹೆಬ್ಬೆರಳಿನ ಕೀಲಿಗೆ ಕಾರ್ಟಿವಾ ಅನ್ನುವ ಬಿಲ್ಲೆ ಬಂತು, 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಿರೀಕ್ಷೆಗಿಂತ ಹೆಚ್ಚು ಜನರಲ್ಲಿ ಅದು ಸೋತಿದ್ದರಿಂದ 2024ರ ಅಕ್ಟೋಬರಿನಲ್ಲಿ ಕಂಪನಿಯೇ ಹಿಂದಕ್ಕೆ ತೆಗೆದುಕೊಂಡಿತು. ಮೈಭಾರ ಹೊರುವ ಜಾಗದಲ್ಲಿ ವರ್ಷಗಟ್ಟಲೆ ನಿಲ್ಲೋದು ಸುಲಭವಲ್ಲ. ನನಗೆ ಹೆಚ್ಚು ಭರವಸೆ ಇರೋದು ಸೂಜಿಯಿಂದ ಚುಚ್ಚುವ ಬಗೆಯಲ್ಲಿ. 2012ರಲ್ಲಿ ಹಾರ್ವರ್ಡಿನ ಸಿದಿ ಬೆನ್‌ಶರೀಫ್, ಡೇವಿಡ್ ಮೂನಿ ಅವರ ಗುಂಪು ಕಡಲಪಾಚಿಯ ಆಲ್ಜಿನೇಟಿನಿಂದ ಕ್ರಯೋಜೆಲ್ ಮಾಡಿತು. ಮುದುಡಿ ಸೂಜಿಯೊಳಗಿಂದ ತೂರಿ ಹೋಗಿ, ಒಳಗೆ ಮತ್ತೆ ತನ್ನ ಆಕಾರಕ್ಕೆ ಅರಳುತ್ತೆ. ಕೋಶಗಳನ್ನೂ ಹೊತ್ತೊಯ್ಯುತ್ತೆ. ಅದು ಇಲಿಗಳ ಮೇಲೆ ನಡೆದ ಕೆಲಸ.

ಮೇಷ್ಟ್ರು: ಈ ಕೆರೆಯ ಮುಂದೆ ನಿಂತು ನೀರಿನ ಮಾತು ಬಿಟ್ಟರೆ ಹೇಗೆ? ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದು ಸ್ಕೂಟರಿನವರ ಮುಖಕ್ಕೆ ಬಡಿದದ್ದನ್ನು ನಾನೇ ನೋಡಿದ್ದೀನಿ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿಯೇ ಹತ್ತಿಕೊಂಡಿತ್ತು. ಇದು ಅಲ್ಲಿ ಏನಾದರೂ ಮಾಡುತ್ತಾ?

ಶಿಷ್ಯೆ: ಕೆರೆಗೆ ಜೆಲ್ ಹಾಕಿ ಶುದ್ಧ ಮಾಡ್ತೀವಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೆರೆ ಉಳಿಯೋದು ಕೊಳಚೆಯನ್ನು ಮೇಲೆಯೇ ತಡೆದಾಗ. ಆದರೆ ನಿಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕೊಳಚೆನೀರು ಶುದ್ಧಮಾಡುವ ಎಸ್‌ಟಿಪಿ ಇದೆಯಲ್ಲ, ಅಲ್ಲಿ ಇದಕ್ಕೆ ಕೆಲಸ ಉಂಟು. ಅಮೋನಿಯ ತಿನ್ನುವ ಬ್ಯಾಕ್ಟೀರಿಯ ಬಹಳ ನಿಧಾನ ಬೆಳೆಯುತ್ತವೆ, ನೀರಿನ ಜೊತೆ ಕೊಚ್ಚಿಹೋಗುತ್ತವೆ. ಅವನ್ನು ಪಿವಿಎ ಕ್ರಯೋಜೆಲ್ ಗುಳಿಗೆಗಳೊಳಗೆ ಹಿಡಿದಿಟ್ಟರೆ ತೊಟ್ಟಿಯಲ್ಲೇ ಉಳಿಯುತ್ತವೆ. ನೀರು, ಆಮ್ಲಜನಕ ಒಳಗೆ ಹೋಗಿ ಬರುತ್ತೆ. ಎಷ್ಟೋ ಬ್ಯಾಕ್ಟೀರಿಯ ಆ ಚಳಿಯನ್ನು ತಡೆದುಕೊಂಡು ಎಚ್ಚರಗೊಳ್ಳುತ್ತವೆ. ಸೋಪಿನ ನೊರೆ ಬೇರೆ ಸಮಸ್ಯೆ, ಅದನ್ನು ಇದಕ್ಕೆ ಹೊರಿಸೋದು ಬೇಡ.

ಮೇಷ್ಟ್ರು: ಮಕ್ಕಳಿಗೆ ಇದನ್ನು ತೋರಿಸಬೇಕಲ್ಲಮ್ಮ. ನಮ್ಮೂರಿನ ಕಾಲೇಜಿಗೆ ಆಗಾಗ ಹೋಗಿ ಪಾಠ ಹೇಳಿ ಬರ್ತೀನಿ. ಅಲ್ಲಿ ಏನಿದೆ? ಬನ್ಸೆನ್ ದೀಪ ಇದೆ, ಪ್ರಿನ್ಸಿಪಾಲರ ಕೋಣೆಯಲ್ಲಿ ಫ್ರಿಜ್ ಇದೆ.

ಶಿಷ್ಯೆ: ಅಕ್ರಿಲಮೈಡ್ ಮಕ್ಕಳ ಕೈಗೆ ಬೇಡ ಸಾರ್, ಪಾಲಿಮರ್ ಆಗುವ ಮುಂಚೆ ಅದು ನರಗಳಿಗೆ ವಿಷ. ಪಿವಿಎ ಸಾಕು. ಮರಗೆಲಸದ ಬಿಳಿ ಅಂಟಲ್ಲ, ಪುಡಿಯಾಗಿ ಬರುವ ಪಿವಿಎ.

ಮೇಷ್ಟ್ರು: ಆ ಅಂಟು ಪಾಲಿವಿನೈಲ್ ಅಸಿಟೇಟು. ಅದನ್ನು ಜಲವಿಚ್ಛೇದನ ಮಾಡಿದರೆ ಆಲ್ಕೋಹಾಲು.

ಶಿಷ್ಯೆ: ಅದಕ್ಕೇ ತರಿಸುವಾಗ ಪೂರ್ತಿ ಜಲವಿಚ್ಛೇದನ ಆದದ್ದು, ನೂರಕ್ಕೆ ತೊಂಬತ್ತೆಂಟಕ್ಕಿಂತ ಮೇಲಿನದು ಅಂತ ಕೇಳಿ ತರಿಸಿ. ಅಸಿಟೇಟ್ ಗುಂಪು ಉಳಿದಿದ್ದರೆ ಸರಪಳಿಗಳು ಒತ್ತಾಗಿ ಕೂತು ಸಣ್ಣ ಹರಳು ಕಟ್ಟಲ್ಲ. ಆ ಹರಳೇ ಇಲ್ಲಿ ಗಂಟು. ನೂರು ಮಿಲಿಲೀಟರ್ ನೀರಿಗೆ ಹತ್ತು ಗ್ರಾಂ, ತೊಂಬತ್ತು ಡಿಗ್ರಿಯಲ್ಲಿ ನೀರಿನ ಪಾತ್ರೆಯೊಳಗಿಟ್ಟು ತಿರುಗಿಸ್ತಾ ಇರಬೇಕು, ತಿಳಿಯಾಗೋವರೆಗೆ. ನೇರ ಉರಿಯ ಮೇಲಿಟ್ಟರೆ ತಳ ಹಿಡಿಯುತ್ತೆ. ಗುಳ್ಳೆ ಹೋಗಲು ಬಿಟ್ಟು, ಸಣ್ಣ ಅಚ್ಚುಗಳಿಗೆ ಸುರಿದು ರಾತ್ರಿ ಫ್ರೀಜರಿಗೆ. ಮನೆಯ ಫ್ರೀಜರಿನ ಮೈನಸ್ 18 ಸಾಕು.

ಮೇಷ್ಟ್ರು: ಬೆಳಿಗ್ಗೆ ಬಿಸಿನೀರಿಗೆ ಹಾಕಿ ಕರಗಿಸೋದಾ?

ಶಿಷ್ಯೆ: ಬೇಡ ಬೇಡ. ಬಲ ಬರೋದು ಬಹುಮಟ್ಟಿಗೆ ಕರಗುವಾಗಲೇ. ಸೊನ್ನೆಗೆ ಸ್ವಲ್ಪ ಕೆಳಗಿನ ಚಳಿಯಲ್ಲಿ ಸರಪಳಿಗಳಿಗೆ ಅಲುಗಾಡೋಕೂ ಆಗುತ್ತೆ, ಒಂದನ್ನೊಂದು ಹುಡುಕಿಕೊಂಡು ಹರಳು ಕಟ್ಟೋಕೂ ಸಮಯ ಸಿಗುತ್ತೆ. ನಿಧಾನ ಕರಗಿಸಿದಷ್ಟೂ ಗಟ್ಟಿ ಅನ್ನೋದು ಲೊಝಿನ್‌ಸ್ಕಿ ಅವರು ಒತ್ತಿ ಹೇಳಿದ ವಿಷಯ. ಥರ್ಮಕೋಲ್ ಪೆಟ್ಟಿಗೆಯೊಳಗೆ ಮುಚ್ಚಿ, ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಡಿ. ತಿಳಿಯಾಗಿ ಸುರಿದದ್ದು ಬಿಳಿಯಾಗಿ ಹೊರಗೆ ಬರುತ್ತೆ. ಒಳಗಿನ ತೂತುಗಳು ಬೆಳಕನ್ನು ಚೆದುರಿಸುವುದರಿಂದ ಆ ಬಿಳುಪು. ಮತ್ತೆ ಹೆಪ್ಪುಗಟ್ಟಿಸಿ ಕರಗಿಸಿದರೆ ಇನ್ನೂ ಗಟ್ಟಿಯಾಗುತ್ತೆ.

ಮೇಷ್ಟ್ರು: ಹಾಗಾದರೆ ಒಂದು ಸುತ್ತಿನದು, ಮೂರು ಸುತ್ತಿನದು, ಐದು ಸುತ್ತಿನದು ಮಾಡಿಸ್ತೀನಿ. ಒಂದೇ ಅಳತೆಯ ಪಟ್ಟಿ ಕತ್ತರಿಸಿ, ತೂಕದ ಬಟ್ಟು ತೂಗುಹಾಕಿ, ಎಷ್ಟು ಹಿಗ್ಗುತ್ತೆ ಅಂತ ಅಳೆದು ಗ್ರಾಫ್ ಹಾಕಲಿ.

ಶಿಷ್ಯೆ: ಹಾಕಿಸಿ ಸಾರ್. ಕರಗಿಸುವ ವೇಗ ಮಾತ್ರ ಎಲ್ಲಕ್ಕೂ ಒಂದೇ ಇರಲಿ, ಅದೇ ಪೆಟ್ಟಿಗೆ, ಅದೇ ಖಾನೆ. ಇಲ್ಲದಿದ್ದರೆ ಬಲ ಬಂದದ್ದು ಸುತ್ತಿನಿಂದಲೋ ನಿಧಾನದಿಂದಲೋ ಅಂತ ಬೇರ್ಪಡಿಸೋಕೆ ಆಗಲ್ಲ.